ಟ್ಯಾಬ್ಲೆಟ್ ನಿಮ್ಮದು, ಕೀಲಿ ಯಾರದ್ದು?

ಹೀಗೆ ಅಂದ್ಕೊಳ್ಳಿ. ಇಸವಿ 2011. ನೀವು ಕುಂದಾಪುರದವರೋ, ಭಟ್ಕಳದವರೋ, ಬಂಟ್ವಾಳದವರೋ ಇರಬಹುದು. ಕೆಲಸ ಮಾತ್ರ ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯದ ಅಲ್ ಅಹ್ಸಾದಲ್ಲಿ. ದಮ್ಮಾಮ್‌ನಿಂದ ರಿಯಾದ್ ಕಡೆಗೆ 1951ರಿಂದ ಓಡುತ್ತಿರುವ ರೈಲು ಹಿಡಿದರೆ ದಾರಿಯಲ್ಲಿ ಹೊಫೂಫ್ ಅನ್ನೋ ಊರು ಸಿಗುತ್ತದಲ್ಲ, ಅದೇ ಅಲ್ ಅಹ್ಸಾದ ಮುಖ್ಯ ಪಟ್ಟಣ. ಸುತ್ತ ಮರಳುಗಾಡು, ನಡುವೆ ಸುಮಾರು 25 ಲಕ್ಷ ಖರ್ಜೂರದ ಮರಗಳ ಹಸಿರು. ಪಕ್ಕದಲ್ಲೇ ಘವಾರ್ ಎಂಬ ಜಗತ್ತಿನ ಅತಿ ದೊಡ್ಡ ತೈಲಕ್ಷೇತ್ರ. ಎಣ್ಣೆ ಇರುವ ಕಡೆ ಕೆಲಸ, ಕೆಲಸ ಇರುವ ಕಡೆ ನಮ್ಮ ಕರಾವಳಿಯವರು!

ಒಂದು ತಿಂಗಳ ಸಂಬಳ ಉಳಿಸಿ ನೀವು ಒಂದು ಟ್ಯಾಬ್ಲೆಟ್ ತಗೊಂಡಿದ್ದೀರಿ. ಏಳಿಂಚಿನ ಪರದೆ, ಕೈಯಲ್ಲಿ ಹಿಡಿದರೆ ಒಂದು ದಪ್ಪ ನೋಟ್‌ಬುಕ್‌ನಷ್ಟು. ರಾತ್ರಿ ರೂಮಿಗೆ ಬಂದು ವೈಫೈ ಹಾಕಿ ಊರಿನ ಸುದ್ದಿ ಓದೋಣ ಅಂತ ಒಂದು ಕನ್ನಡದ ತಾಣ ತೆರೆಯುತ್ತೀರಿ. ಚಿತ್ರ ಬಂತು, ಬಣ್ಣ ಬಂತು. ಅಕ್ಷರ ಇರಬೇಕಾದ ಕಡೆ ಬರೀ ಡಬ್ಬಿ. ಸಾಲುಸಾಲು ಖಾಲಿ ಚೌಕಗಳು.

ಇವತ್ತು ಮೂರನೇ ಕ್ಲಾಸಿನ ಮಗು ಕೂಡ ಫೋನಿನಲ್ಲಿ ಕನ್ನಡ ಓದುತ್ತದೆ. ಹಾಗಾಗಿ ಈ ಡಬ್ಬಿಗಳ ಕಾಲ ನಮಗೆ ಮರೆತೇಹೋಗಿದೆ. ಆದರೆ ಆ ಡಬ್ಬಿಗಳನ್ನು ಅಳಿಸಲು ಆಗಿನ ಜನ ಮಾಡಿದ ಒಂದು ಕೆಲಸದ ಕತೆ ಕೇಳುವಂಥದ್ದು. ಅದರ ಹೆಸರು ‘ರೂಟ್ ಮಾಡೋದು’. ಪಡ್ಡೆ ಹುಡುಗರ ಚಟ, ಕಳ್ಳರ ವಿದ್ಯೆ, ವಾರಂಟಿ ಹಾಳುಮಾಡೋ ಹುಚ್ಚು ಅಂತೆಲ್ಲ ಅದಕ್ಕೆ ಹೆಸರು ಬಂತು. ಅದೆಲ್ಲ ಸ್ವಲ್ಪ ನಿಜವೇ. ಆದರೆ ಅದರ ಒಳಗೆ ಒಂದು ಗಟ್ಟಿ ಪ್ರಶ್ನೆಯೂ ಇತ್ತು: ದುಡ್ಡು ಕೊಟ್ಟು ಕೊಂಡ ವಸ್ತುವಿನ ಕೊನೇ ಕೀಲಿ ಯಾರ ಕೈಯಲ್ಲಿರಬೇಕು?

ಡಬ್ಬಿ ಯಾಕೆ ಬರ್ತಿತ್ತು?

ಕಂಪ್ಯೂಟರಿನ ಒಳಗೆ ಅಕ್ಷರ ಅಂದ್ರೆ ಒಂದು ಸಂಖ್ಯೆ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅಂದರೆ ‘ಕ’ಗೆ ಒಂದು ಸಂಖ್ಯೆ, ‘ನ’ಗೆ ಒಂದು ಸಂಖ್ಯೆ, ಪ್ರಪಂಚದ ಎಲ್ಲ ಯಂತ್ರಗಳಿಗೂ ಒಂದೇ. ಆದರೆ ಸಂಖ್ಯೆ ಗೊತ್ತಿದ್ದರೆ ಸಾಲದು, ಆ ಸಂಖ್ಯೆಗೆ ಯಾವ ಆಕಾರ ಬರೀಬೇಕು ಅಂತ ಹೇಳುವ ಫಾಂಟ್ ಬೇಕು. ಫಾಂಟ್ ಇಲ್ಲದಿದ್ದರೆ ಯಂತ್ರ ‘ಇಲ್ಲೇನೋ ಅಕ್ಷರ ಇದೆ, ನನಗೆ ಗೊತ್ತಿಲ್ಲ’ ಅಂತ ಒಂದು ಚೌಕ ಬಿಡಿಸಿ ಸುಮ್ಮನಾಗುತ್ತದೆ. ಈ ಚೌಕಕ್ಕೆ ಫಾಂಟ್ ಮಾಡುವವರು ಟೋಫು ಅಂತಾರೆ, ಸೋಯಾ ಹಾಲಿನಿಂದ ಮಾಡಿದ ಪನ್ನೀರಿನ ತುಂಡಿನ ಹಾಗೆ ಕಾಣುತ್ತಲ್ಲ, ಅದಕ್ಕೆ. ಗೂಗಲ್ಲಿನ ‘ನೋಟೋ’ ಫಾಂಟುಗಳ ಹೆಸರು ಹುಟ್ಟಿದ್ದೂ ಇಲ್ಲಿಂದಲೇ: ‘ನೋ ಟೋಫು’, ಇನ್ನು ಡಬ್ಬಿ ಬೇಡ ಅಂತ.

ಫಾಂಟ್ ಇದ್ದರೂ ಕನ್ನಡಕ್ಕೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಇಂಗ್ಲಿಷಿನಲ್ಲಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಆಯಿತು. ನಮ್ಮಲ್ಲಿ ಹಾಗಲ್ಲವಲ್ಲ. ‘ಕನ್ನಡ’ ಬರೀಬೇಕಾದರೆ ಎರಡನೇ ‘ನ’ ಒತ್ತಾಗಿ ಕೆಳಗಿಳಿಯಬೇಕು. ‘ಧರ್ಮ’ದಲ್ಲಿ ‘ರ’ ಅರ್ಕಾವತ್ತಾಗಿ ‘ಮ’ದ ಬಲಕ್ಕೆ ಹೋಗಿ ಕೂರಬೇಕು. ಈ ಜೋಡಿಸುವ ಕೆಲಸಕ್ಕೆ ಬೇರೆಯೇ ಒಂದು ತಂತ್ರಾಂಶದ ಪದರ ಬೇಕು. ಅದಿಲ್ಲದಿದ್ದರೆ ‘ಕನ್ನಡ’ ಹೋಗಿ ‘ಕನ್‌ನಡ’ ಆಗುತ್ತದೆ, ‘ಧರ್ಮ’ ಹೋಗಿ ‘ಧರ್‌ಮ’ ಆಗುತ್ತದೆ. ಓದಬಹುದು, ಆದರೆ ಕಲ್ಲಿರುವ ಅನ್ನ ತಿಂದ ಹಾಗೆ.

ಹಾಗಂತ ಕಂಪ್ಯೂಟರಿಗೆ ಕನ್ನಡ ಹೊಸತೇನೂ ಆಗಿರಲಿಲ್ಲ. 1998ರಲ್ಲೇ ಶೇಷಾದ್ರಿವಾಸು ಅವರ ‘ಬರಹ’ ಬಂದಿತ್ತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ವಿಂಡೋಸ್ ಎಕ್ಸ್‌ಪಿ ತನ್ನೊಂದಿಗೆ ‘ತುಂಗ’ ಎಂಬ ಕನ್ನಡ ಫಾಂಟನ್ನೇ ಹೊತ್ತು ತಂದಿತು. ಬೇಕಾದ ಫಾಂಟ್ ಇಲ್ಲದಿದ್ದರೂ ಚಿಂತೆ ಇರಲಿಲ್ಲ, ಒಂದು ಫೈಲ್ ಇಳಿಸಿಕೊಂಡು ಫಾಂಟ್ಸ್ ಫೋಲ್ಡರಿಗೆ ಹಾಕಿದರೆ ಮುಗಿಯಿತು. ಯಾಕೆ ಅಷ್ಟು ಸುಲಭ? ಆ ಕಂಪ್ಯೂಟರಿಗೆ ಯಜಮಾನ ನೀವೇ ಆಗಿದ್ದಿರಿ.

ಟ್ಯಾಬ್ಲೆಟ್‌ನಲ್ಲಿಯೂ ಅಂಥದ್ದೇ ಒಂದು ಫಾಂಟ್ಸ್ ಫೋಲ್ಡರ್ ಇತ್ತು. ನೀವು ಅದನ್ನು ತೆರೆದು ನೋಡಬಹುದಿತ್ತು. ಆದರೆ ಒಂದೇ ಒಂದು ಫೈಲನ್ನೂ ಅದಕ್ಕೆ ಸೇರಿಸುವ ಹಾಗಿರಲಿಲ್ಲ. ಸಿಸ್ಟಮ್ ಭಾಗಕ್ಕೆ ಬೀಗ. ನಿಮ್ಮದೇ ಮನೆ, ಅಡುಗೆಮನೆಗೆ ಮಾತ್ರ ಬಿಲ್ಡರ್ ಬೀಗ ಹಾಕಿ ಕೀಲಿ ತಗೊಂಡು ಹೋದ ಹಾಗೆ.

ಅರಬ್ಬಿಯೂ ಬಿಟ್ಟಿರಲಿಲ್ಲ

ಕನ್ನಡ ಸಣ್ಣ ಭಾಷೆ, ಹೊರದೇಶದಲ್ಲಿ ಯಾರು ಕೇಳ್ತಾರೆ ಅಂತ ನೀವು ಅಂದುಕೊಳ್ಳಬಹುದು. ಹಾಗಾದರೆ ಹೊಫೂಫ್‌ನಲ್ಲಿ ಹುಟ್ಟಿ ಬೆಳೆದವರ ಪಾಡು ನೋಡಿ. ಅರಬ್ಬಿ ಹತ್ತಾರು ದೇಶಗಳ ರಾಜಭಾಷೆ. ಅದೂ ಮೊದಮೊದಲ ಆಂಡ್ರಾಯ್ಡ್‌ಗಳಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ.

ಅರಬ್ಬಿ ಬಲದಿಂದ ಎಡಕ್ಕೆ ಬರೆಯುವ ಲಿಪಿ. ಅಕ್ಷರಗಳು ಕೈ ಹಿಡಿದುಕೊಂಡು ನಿಲ್ಲಬೇಕು. ಒಂದೇ ಅಕ್ಷರಕ್ಕೆ ಪದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು, ಕೊನೆಗೆ ಒಂದು, ಒಂಟಿಯಾಗಿದ್ದರೆ ಇನ್ನೊಂದು. ಹಳೇ ಆಂಡ್ರಾಯ್ಡ್‌ನಲ್ಲಿ ಈ ಅಕ್ಷರಗಳು ಕೈ ಬಿಟ್ಟು ಒಂಟೊಂಟಿ ನಿಲ್ಲುತ್ತಿದ್ದವು, ಕೆಲವೊಮ್ಮೆ ಸಾಲೇ ತಿರುಗುಮುರುಗಾಗುತ್ತಿತ್ತು. ಗಲ್ಫ್ ಮಾರುಕಟ್ಟೆಗೆ ಅಂತಲೇ ತಯಾರಿಸಿದ ಸಾಧನಗಳಲ್ಲಿ ಕಂಪನಿಗಳು ಅರಬ್ಬಿಯನ್ನು ತಾವೇ ತಿದ್ದಿ ಕೂರಿಸುತ್ತಿದ್ದವು. ಬೇರೆ ಕಡೆಯಿಂದ ತರಿಸಿಕೊಂಡವರಿಗೆ ಆ ಭಾಗ್ಯ ಇರಲಿಲ್ಲ. ಅವರೂ ರೂಟ್ ಮಾಡಿ ಫಾಂಟ್ ಬದಲಿಸುತ್ತಿದ್ದರು, ಅಕ್ಷರ ಜೋಡಿಸುವ ಭಾಗವನ್ನೇ ಬದಲಿಸುತ್ತಿದ್ದರು. ಅಂಗಡಿಯ ಅರಬ್ಬಿ ಮಾಲೀಕನಿಗೂ ಕೆಲಸಕ್ಕೆ ಬಂದ ಕನ್ನಡಿಗನಿಗೂ ಬೇಕಾಗಿದ್ದು ಒಂದೇ: ತನ್ನ ಅಕ್ಷರ ತನಗೆ ಸರಿಯಾಗಿ ಕಾಣಬೇಕು.

ರೂಟ್ ಅಂದ್ರೆ ಯಾರು?

ಈ ಬೀಗದ ಕತೆ ಟ್ಯಾಬ್ಲೆಟ್‌ಗಿಂತ ನಲವತ್ತು ವರ್ಷ ಹಳೆಯದು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಕಟ್ಟಲು ಶುರುಮಾಡಿದರು. ಆಗ ಕಂಪ್ಯೂಟರ್ ಅಂದರೆ ಬೀರುವಿನಷ್ಟು ದೊಡ್ಡದು, ಬೆಲೆಯಂತೂ ಕೇಳಲೇಬೇಡಿ. ಒಂದು ಯಂತ್ರಕ್ಕೆ ಹತ್ತಾರು ಜನ ಪಾಲುದಾರರು. ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸಬಾರದು, ಯಾರೋ ಒಬ್ಬರ ತಪ್ಪಿಗೆ ಇಡೀ ಯಂತ್ರ ಕೂರಬಾರದು. ಅದಕ್ಕೆ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು ಅವರವರ ಮಿತಿ ಹಾಕಿದರು. ಯಂತ್ರ ನೋಡಿಕೊಳ್ಳುವವನಿಗೆ ಮಾತ್ರ ಯಾವ ಮಿತಿಯೂ ಇಲ್ಲ. ಅವನ ಸಂಖ್ಯೆ ಸೊನ್ನೆ, ಹೆಸರು ‘ರೂಟ್’. ಅವನು ಏನು ಬೇಕಾದರೂ ಓದಬಹುದು, ಬರೆಯಬಹುದು, ಅಳಿಸಬಹುದು. ಸಾಮಾನ್ಯ ಬಳಕೆದಾರ ಸ್ವಲ್ಪ ಹೊತ್ತು ಅವನ ಟೋಪಿ ಹಾಕಿಕೊಳ್ಳಲು ‘ಸು’ ಅನ್ನೋ ಪುಟ್ಟ ಆಜ್ಞೆ 1971ರ ಮೊದಲ ಯೂನಿಕ್ಸ್ ಆವೃತ್ತಿಯಲ್ಲೇ ಇತ್ತು. ಆಂಡ್ರಾಯ್ಡ್ ರೂಟ್ ಮಾಡುವವರು ಇಂದಿಗೂ ಕೂರಿಸುವುದು ಅದೇ ಹೆಸರಿನ ಕಡತವನ್ನು!

ಯೂನಿಕ್ಸ್‌ನ ಮಾದರಿಯಲ್ಲಿ 1991ರಲ್ಲಿ ಲಿನಕ್ಸ್ ಹುಟ್ಟಿತು. ಲಿನಕ್ಸ್ ಮೇಲೆ ಆಂಡ್ರಾಯ್ಡ್ ಕಟ್ಟಿದರು, 2008ರ ಅಕ್ಟೋಬರಿನಲ್ಲಿ ಅದರ ಮೊದಲ ಫೋನ್ ಮಾರಾಟಕ್ಕೆ ಬಂತು. ಆಂಡ್ರಾಯ್ಡ್ ಮಾಡಿದವರು ಒಂದು ಜಾಣ ಉಪಾಯ ಹೂಡಿದರು. ಫೋನಿಗೆ ಬಳಕೆದಾರ ಒಬ್ಬನೇ ತಾನೆ? ಹಾಗಾಗಿ ಯೂನಿಕ್ಸ್‌ನ ಬಳಕೆದಾರರ ಸಂಖ್ಯೆಗಳನ್ನು ಅವರು ಆ್ಯಪ್‌ಗಳಿಗೆ ಹಂಚಿದರು. ಒಂದೊಂದು ಆ್ಯಪ್ ಒಬ್ಬೊಬ್ಬ ಬಾಡಿಗೆದಾರನಿದ್ದ ಹಾಗೆ. ಆಟದ ಆ್ಯಪ್ ನಿಮ್ಮ ಬ್ಯಾಂಕ್ ಆ್ಯಪ್‌ನ ಕೋಣೆಗೆ ಇಣುಕುವ ಹಾಗಿಲ್ಲ. ಒಳ್ಳೇ ವ್ಯವಸ್ಥೆ, ಇದರಿಂದ ಕೋಟ್ಯಂತರ ಜನರಿಗೆ ರಕ್ಷಣೆ ಸಿಕ್ಕಿದೆ.

ಆದರೆ ಇಲ್ಲೊಂದು ವಿಚಿತ್ರ ನಡೆಯಿತು. ಬೆಲ್ ಲ್ಯಾಬ್ಸ್‌ನಲ್ಲಿ ರೂಟ್ ಅಂದರೆ ಯಂತ್ರದ ಉಸ್ತುವಾರಿ ಹೊತ್ತವನು. ಟ್ಯಾಬ್ಲೆಟ್‌ನ ಉಸ್ತುವಾರಿ ಯಾರದ್ದು? ಕೊಂಡವರದ್ದು ಅಂತ ನೀವು ಹೇಳ್ತೀರಿ. ತಯಾರಕರು ಮಾತ್ರ ಕೊಂಡವನನ್ನೂ ಬಾಡಿಗೆದಾರರ ಸಾಲಿನಲ್ಲೇ ಕೂರಿಸಿದರು.

ಬಾಗಿಲು ತೆರೆದವರು

ಮೊದಲ ಬಾಗಿಲು ತನ್ನಷ್ಟಕ್ಕೆ ತೆರೆದಿತ್ತು ಅನ್ನೋದೇ ತಮಾಷೆ. 2008ರ ನವೆಂಬರ್. ಆ ಮೊದಲ ಆಂಡ್ರಾಯ್ಡ್ ಫೋನಿಗೆ ಗುಂಡಿಗಳಿರುವ ಕೀಬೋರ್ಡ್ ಇತ್ತು. ಒಬ್ಬಾತ ಗೆಳತಿಯ ಜೊತೆ ಮೆಸೇಜಿನಲ್ಲಿ ಮಾತಾಡ್ತಿದ್ದ. ಉತ್ತರ ಯಾಕೆ ತಡ ಅಂತ ಅವಳು ಕೇಳಿದಳು. ಫೋನ್ ರೀಬೂಟ್ ಮಾಡಿದ್ದೆ ಅಂತ ಹೇಳಲು ಅವನು ‘ರೀಬೂಟ್’ ಎಂಬ ಒಂದೇ ಪದ ಒತ್ತಿ ಎಂಟರ್ ಹೊಡೆದ. ಫೋನ್ ನಿಜಕ್ಕೂ ರೀಬೂಟ್ ಆಯಿತು! ನೋಡಿದರೆ, ಕೀಬೋರ್ಡಿನಲ್ಲಿ ಒತ್ತಿದ್ದೆಲ್ಲ ಹಿಂದೆ ತೆರೆದೇ ಇದ್ದ ಒಂದು ರೂಟ್ ಕಿಟಕಿಗೂ ಆಜ್ಞೆಯಾಗಿ ಹೋಗ್ತಿತ್ತು. ತಯಾರಕರು ಮುಚ್ಚಲು ಮರೆತಿದ್ದ ಕಿಟಕಿ ಅದು. ಗೂಗಲ್ ಅದನ್ನು ಕೂಡಲೇ ಮುಚ್ಚಿತು. ಅಷ್ಟರೊಳಗೆ ಹಲವರು ಒಳಗೆ ಹೋಗಿ ಬಂದಾಗಿತ್ತು.

2010 ಟ್ಯಾಬ್ಲೆಟ್‌ಗಳ ವರ್ಷ. ಏಪ್ರಿಲ್‌ನಲ್ಲಿ ಐಪ್ಯಾಡ್ ಮಾರಾಟಕ್ಕೆ ಬಂತು, ಸೆಪ್ಟೆಂಬರಿನಲ್ಲಿ ಸ್ಯಾಮ್‌ಸಂಗ್ ತನ್ನ ಏಳಿಂಚಿನ ಗ್ಯಾಲಕ್ಸಿ ಟ್ಯಾಬ್ ಅನ್ನು ಬರ್ಲಿನ್‌ನಲ್ಲಿ ತೋರಿಸಿತು. ಅದರೊಳಗೆ ಇದ್ದದ್ದು ಆಂಡ್ರಾಯ್ಡ್ 2.2. ಅದೇ ವರ್ಷ ಸೆಬಾಸ್ಟಿಯನ್ ಕ್ರಾಮರ್ ಎಂಬ ಭದ್ರತಾ ತಜ್ಞ ಆಂಡ್ರಾಯ್ಡ್‌ನ ಒಂದು ದೋಷ ಬಯಲಿಗೆ ತಂದರು. ‘ರೇಜ್ ಅಗೇನ್‌ಸ್ಟ್ ದ ಕೇಜ್’ ಅಂತ ಹೆಸರು. ಇದರ ಒಳಗುಟ್ಟು ತಿಳಿಯಲು ಒಂದು ಮದುವೆ ಛತ್ರ ನೆನಪು ಮಾಡಿಕೊಳ್ಳಿ.

ಛತ್ರದ ಮ್ಯಾನೇಜರ್ ಬೆಳಿಗ್ಗೆ ಎಲ್ಲ ಕೋಣೆಗಳ ಕೀಲಿ ಹಿಡಿದು ಬರುತ್ತಾನೆ. ಬಾಗಿಲು ತೆರೆದ ಮೇಲೆ ಕೀಲಿಗೊಂಚಲು ಒಪ್ಪಿಸಿ, ಪಂಕ್ತಿಯಲ್ಲಿ ಒಂದು ಎಲೆಯ ಮುಂದೆ ಸಾಮಾನ್ಯ ಅತಿಥಿಯಂತೆ ಕೂರಬೇಕು. ಇದು ನಿಯಮ. ಈಗ ಒಬ್ಬ ತುಂಟ ಪಂಕ್ತಿಯ ಎಲ್ಲ ಎಲೆಗಳ ಮುಂದೂ ತನ್ನವರನ್ನೇ ಕೂರಿಸಿಬಿಡುತ್ತಾನೆ. ಮ್ಯಾನೇಜರ್‌ಗೆ ಕೂರಲು ಜಾಗವಿಲ್ಲ. ಕೂತನೋ ಇಲ್ಲವೋ ಅಂತ ಯಾರೂ ವಿಚಾರಿಸಲಿಲ್ಲ. ಅವನು ಕೀಲಿಗೊಂಚಲ ಸಮೇತ ಅಲ್ಲೇ ನಿಂತ. ಆಂಡ್ರಾಯ್ಡ್‌ನಲ್ಲಿ ಕಂಪ್ಯೂಟರಿನ ಜೊತೆ ಮಾತಾಡುವ ಒಂದು ಪುಟ್ಟ ಪ್ರೋಗ್ರಾಂ ಹೀಗೆಯೇ ರೂಟ್ ಆಗಿ ಶುರುವಾಗಿ, ಆಮೇಲೆ ಅಧಿಕಾರ ಬಿಟ್ಟುಕೊಡಬೇಕಿತ್ತು. ಸಾಮಾನ್ಯ ಬಳಕೆದಾರನ ಲೆಕ್ಕದ ಜಾಗಗಳನ್ನೆಲ್ಲ ಮೊದಲೇ ತುಂಬಿಸಿದರೆ ಬಿಟ್ಟುಕೊಡುವ ಕೆಲಸ ಸೋಲುತ್ತಿತ್ತು. ಸೋತಿತೋ ಗೆದ್ದಿತೋ ಅಂತ ಪರೀಕ್ಷಿಸುವ ಒಂದು ಸಾಲನ್ನು ಬರೆದವರು ಮರೆತಿದ್ದರು. ಒಂದೇ ಸಾಲು!

ಇದನ್ನೇ ಒಂದು ಗುಂಡಿಯ ಹಿಂದೆ ಅಡಗಿಸಿದ ಆ್ಯಪ್‌ಗಳು ಬಂದವು. ಒತ್ತಿದರೆ ರೂಟ್. ಇನ್ನು ನಮ್ಮ ಹೊಫೂಫ್‌ನ ರೂಮಿಗೆ ವಾಪಸ್ ಬರೋಣ. ನೀವು ಆ ಗುಂಡಿ ಒತ್ತಿದಿರಿ. ಸಿಸ್ಟಮ್ ಭಾಗದ ಬೀಗ ತೆಗೆದಿರಿ. ಹಳೇ ಫಾಂಟ್ ಫೈಲನ್ನು ಒಂದು ಕಡೆ ಕಾಪಿ ಮಾಡಿಟ್ಟು, ಕನ್ನಡ ಅಕ್ಷರಗಳಿರುವ ಹೊಸ ಫೈಲನ್ನು ಅದೇ ಹೆಸರಿನಲ್ಲಿ ಕೂರಿಸಿದಿರಿ. ಯಾರು ಓದಬಹುದು, ಯಾರು ಬರೆಯಬಹುದು ಅನ್ನುವ ಅನುಮತಿ ಸರಿಮಾಡಿ ಆಫ್ ಮಾಡಿ ಆನ್ ಮಾಡಿದಿರಿ. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೆ ಟ್ಯಾಬ್ಲೆಟ್ ಕಂಪನಿಯ ಲೋಗೋ ತೋರಿಸುತ್ತಾ ಅಲ್ಲೇ ಸುತ್ತುತ್ತಿತ್ತು. ಇನ್ನೂ ಕೆಟ್ಟರೆ ಪೂರ್ತಿ ಸತ್ತೇಹೋಗುತ್ತಿತ್ತು. ಅದಕ್ಕೆ ‘ಇಟ್ಟಿಗೆ ಆಗೋದು’ ಅಂತಲೇ ಹೆಸರು. ಒಂದು ತಿಂಗಳ ಸಂಬಳದ ಇಟ್ಟಿಗೆ. ಪಕ್ಕದಲ್ಲಿ ಕೂತು ಹೇಳಿಕೊಡುವವರಿಲ್ಲ, ರಿಪೇರಿಗೆ ಕೊಟ್ಟರೆ ವಾರಂಟಿ ಇಲ್ಲ ಅಂತಾರೆ.

ಎಲ್ಲ ಸರಿಯಾದರೆ ಡಬ್ಬಿಗಳು ಹೋಗಿ ಅಕ್ಷರ ಬರುತ್ತಿತ್ತು. ಅಕ್ಷರ ಜೋಡಿಸುವ ಪದರ ಇರಲಿಲ್ಲವಾದ್ದರಿಂದ ಬಂದದ್ದು ‘ಕನ್‌ನಡ’. ಆದರೂ ನಮ್ಮದೇ ಅಕ್ಷರ.

ಅಷ್ಟು ಧೈರ್ಯ ಇಲ್ಲದವರಿಗೆ ಇನ್ನೊಂದು ದಾರಿ ಇತ್ತು. ಹಳಬರು ಇದನ್ನು ಓದಿ ನಗಬಹುದು. ಒಪೇರಾ ಮಿನಿ ಬ್ರೌಸರಿನ ವಿಳಾಸದ ಜಾಗದಲ್ಲಿ ‘ಒಪೇರಾ ಕೋಲನ್ ಕಾನ್ಫಿಗ್’ ಅಂತ ಹೊಡೆದು, ಪಟ್ಟಿಯ ಕೊನೆಯಲ್ಲಿ ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಎಂಬ ಸಾಲಿಗೆ ‘ಯೆಸ್’ ಕೊಟ್ಟರೆ ಸಾಕು. ಒಪೇರಾದ ಸರ್ವರ್ ಕನ್ನಡವನ್ನು ತಾನೇ ಜೋಡಿಸಿ ಚಿತ್ರವಾಗಿ ಕಳಿಸುತ್ತಿತ್ತು. ಒತ್ತಕ್ಷರವೂ ಸರಿಯಾಗಿ ಬರ್ತಿತ್ತು. ಆದರೆ ಅದು ಆ ಒಂದು ಬ್ರೌಸರಿನೊಳಗೆ ಮಾತ್ರ. ಹೆಂಡತಿ ಕಳಿಸಿದ ಕನ್ನಡ ಮೆಸೇಜು ಮತ್ತೆ ಡಬ್ಬಿಯೇ.

ಅದೇ ಬಾಗಿಲಲ್ಲಿ ಕಳ್ಳ

ಇಷ್ಟು ಓದಿ ರೂಟ್ ಅಂದರೆ ಬರೀ ಸ್ವಾತಂತ್ರ್ಯದ ಕತೆ ಅಂದ್ಕೋಬೇಡಿ. ಮ್ಯಾನೇಜರ್ ಕೀಲಿ ಸಮೇತ ನಿಂತಿದ್ದಾನೆ ಅನ್ನೋದು ಮನೆಯವರಿಗೆ ಗೊತ್ತಾದ ಹಾಗೆ ಕಳ್ಳನಿಗೂ ಗೊತ್ತಾಗುತ್ತದೆ.

2011ರ ಮಾರ್ಚ್‌ನಲ್ಲಿ ಆಂಡ್ರಾಯ್ಡ್ ಮಾರ್ಕೆಟ್‌ನಲ್ಲೇ 50ಕ್ಕೂ ಹೆಚ್ಚು ವಿಷದ ಆ್ಯಪ್‌ಗಳು ಸಿಕ್ಕಿದವು. ಒಳ್ಳೇ ಆ್ಯಪ್‌ಗಳನ್ನು ಕದ್ದು, ಒಳಗೆ ವಿಷ ಬೆರೆಸಿ, ಬೇರೆ ಹೆಸರಲ್ಲಿ ಹಾಕಿದ್ದರು. ಆ ವಿಷಕ್ಕೆ ‘ಡ್ರಾಯ್ಡ್‌ಡ್ರೀಮ್’ ಅಂತ ಹೆಸರಾಯಿತು. ರಾತ್ರಿ 11ರಿಂದ ಬೆಳಿಗ್ಗೆ 8ರ ತನಕ, ಮಾಲೀಕ ಮಲಗಿರುವ ಹೊತ್ತಿನಲ್ಲಿ ಕೆಲಸ ಮಾಡುವ ಹಾಗೆ ಅದನ್ನು ಬರೆದಿದ್ದರು. ಅದು ಒಳಗೆ ನುಗ್ಗಲು ಬಳಸಿದ ಉಪಾಯಗಳಲ್ಲಿ ಒಂದು ಯಾವುದು ಗೊತ್ತಾ? ಅದೇ ‘ರೇಜ್ ಅಗೇನ್‌ಸ್ಟ್ ದ ಕೇಜ್’. ಗೂಗಲ್ ಆ ಆ್ಯಪ್‌ಗಳನ್ನು ಅಂಗಡಿಯಿಂದ ತೆಗೆಯಿತು, ಜನರ ಸಾಧನಗಳಿಂದಲೂ ದೂರದಿಂದಲೇ ಅಳಿಸಿತು. ಈ ಕೊನೇ ಮಾತನ್ನು ಗಮನಿಸಿ. ನಿಮ್ಮ ಕೈಯಲ್ಲಿರುವ ಸಾಧನದಿಂದ ಒಂದು ಆ್ಯಪ್ ಅನ್ನು ನಿಮ್ಮನ್ನು ಕೇಳದೆ ತೆಗೆಯುವ ಶಕ್ತಿ ಅವರಿಗಿತ್ತು. ಆ ದಿನ ಅದು ಒಳ್ಳೆಯದಕ್ಕೇ ಬಳಕೆಯಾಯಿತು. ಆದರೆ ಕೀಲಿ ಯಾರ ಬಳಿ ಇದೆ ಅನ್ನೋದು ಅವತ್ತು ಎಲ್ಲರಿಗೂ ಕಂಡಿತು.

ಆ್ಯಪಲ್ ಕಡೆಯ ಕತೆಯೂ ಇಂಥದ್ದೇ. 2010ರ ಆಗಸ್ಟ್‌ನಲ್ಲಿ ಐಪ್ಯಾಡ್ ಮತ್ತು ಐಫೋನ್‌ಗಳನ್ನು ಬರೀ ಒಂದು ಜಾಲತಾಣಕ್ಕೆ ಭೇಟಿ ಕೊಟ್ಟು ಬಿಡಿಸಿಕೊಳ್ಳುವ ಉಪಾಯ ಬಂತು. ಅದು ಒಳಗೆ ಹೋಗುತ್ತಿದ್ದ ದಾರಿ ಒಂದು ಫಾಂಟ್! ಪಿಡಿಎಫ್ ಒಳಗೆ ಅಡಗಿಸಿದ ಕೆಟ್ಟ ಫಾಂಟ್ ಒಂದನ್ನು ಓದುವಾಗ ಸಾಧನ ಎಡವುತ್ತಿತ್ತು. ಮಾಲೀಕ ತನ್ನ ಟ್ಯಾಬ್ಲೆಟ್ ಬಿಡಿಸಿಕೊಳ್ಳಲು ಬಳಸಿದ ದಾರಿಯಲ್ಲೇ ಇನ್ನೊಬ್ಬ ಅದನ್ನು ದೋಚಬಹುದಿತ್ತು. ಆ್ಯಪಲ್ ಎರಡು ವಾರದೊಳಗೆ ಅದನ್ನು ಮುಚ್ಚಿತು. ಮುಚ್ಚಿದ್ದು ಸರಿಯೇ. ನಿಜವಾದ ತೊಂದರೆ ಇದ್ದದ್ದು ಬೇರೆ ಕಡೆ: ಮಾಲೀಕನಿಗೆ ಅಂತ ಒಂದು ಮುಂಬಾಗಿಲೇ ಇರಲಿಲ್ಲ. ಹಾಗಾಗಿ ಅವನೂ ಕಳ್ಳನ ಹಾಗೆ ಕಿಟಕಿ ಹುಡುಕಬೇಕಾಯಿತು.

ಕಾನೂನಿಗೂ ಗೊಂದಲ

ಅಮೆರಿಕದಲ್ಲಿ ಡಿಜಿಟಲ್ ಬೀಗ ಮುರಿಯುವುದನ್ನು ತಡೆಯುವ ಕಾನೂನು 1998ರಿಂದ ಇದೆ. 2010ರ ಜುಲೈನಲ್ಲಿ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಒಂದು ವಿನಾಯಿತಿ ಕೊಟ್ಟಿತು: ತನಗೆ ಬೇಕಾದ ತಂತ್ರಾಂಶ ಹಾಕಿಕೊಳ್ಳಲು ಸ್ವಂತ ಫೋನಿನ ಬೀಗ ಮುರಿದರೆ ತಪ್ಪಲ್ಲ. 2012ರಲ್ಲಿ ಅದನ್ನು ಮುಂದುವರಿಸಿದರು, ಟ್ಯಾಬ್ಲೆಟ್‌ಗೆ ಮಾತ್ರ ಕೊಡಲಿಲ್ಲ. ಯಾಕೆ? ಟ್ಯಾಬ್ಲೆಟ್ ಅಂದರೆ ಯಾವುದು ಅಂತ ಖಚಿತ ವ್ಯಾಖ್ಯಾನ ಸಿಗಲಿಲ್ಲವಂತೆ! ಒಂದೇ ಕಂಪನಿಯ, ಒಂದೇ ಆಂಡ್ರಾಯ್ಡ್ ಇರುವ ಎರಡು ಸಾಧನ. ಚಿಕ್ಕದರ ಬೀಗ ತೆಗೆದರೆ ಸರಿ, ದೊಡ್ಡದರ ಬೀಗ ತೆಗೆದರೆ ತಪ್ಪು. 2015ರಲ್ಲಿ ಟ್ಯಾಬ್ಲೆಟ್‌ಗೂ ವಿನಾಯಿತಿ ಸಿಕ್ಕಿತು.

ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ್ದು. ಅದರ 43ನೇ ಸೆಕ್ಷನ್ ಮಾಲೀಕನ ಅಥವಾ ಉಸ್ತುವಾರಿ ಹೊತ್ತವನ ಒಪ್ಪಿಗೆ ಇಲ್ಲದೆ ಕಂಪ್ಯೂಟರಿನೊಳಗೆ ಹೋಗುವುದರ ಬಗ್ಗೆ ಮಾತಾಡುತ್ತದೆ. ‘ಮಾಲೀಕ’ ಅನ್ನುವ ಆ ಪದದ ಮುಂದೆ ಸ್ವಲ್ಪ ನಿಲ್ಲಿ. ಬಿಲ್ ನಿಮ್ಮ ಹೆಸರಲ್ಲಿದೆ. ಬೇರೆಯವರ ಸಾಧನಕ್ಕೆ ನುಗ್ಗುವುದು ಅಪರಾಧ, ಅದರಲ್ಲಿ ಅನುಮಾನ ಬೇಡ. ತನ್ನದೇ ಸಾಧನದ ಒಳಗೆ ಹೋಗುವುದಕ್ಕೆ ಯಾರ ಒಪ್ಪಿಗೆ ಬೇಕು?

ಮೇಲಿನಿಂದ ಬಂದ ಕನ್ನಡ

2012ರ ಜೂನ್‌ನಲ್ಲಿ ಗೂಗಲ್ ಆಂಡ್ರಾಯ್ಡ್ 4.1 ಪ್ರಕಟಿಸಿತು. ‘ಜೆಲ್ಲಿ ಬೀನ್’. ಅದರಲ್ಲಿ ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳಿಗೆ ಬೆಂಬಲ ಬಂತು. ಅರಬ್ಬಿ, ಹೀಬ್ರೂಗಳಿಗೆ ಬಲದಿಂದ ಎಡಕ್ಕೆ ಬರೆಯುವ ವ್ಯವಸ್ಥೆಯೂ ಅದೇ ಆವೃತ್ತಿಯಲ್ಲಿ ಗಟ್ಟಿಯಾಯಿತು. ಕನ್ನಡಿಗನಿಗೂ ಅರಬನಿಗೂ ಒಟ್ಟಿಗೇ ಬಾಗಿಲು ತೆರೆಯಿತು.

ಕತೆ ಸುಖಾಂತ್ಯ ಅಂದುಕೊಳ್ಳುವ ಮೊದಲು ಒಂದು ಮಾತು. ಹೊಸ ಆಂಡ್ರಾಯ್ಡ್ ಹೊಸ ಸಾಧನಗಳಿಗೆ. 2010ರ ಆ ಏಳಿಂಚಿನ ಗ್ಯಾಲಕ್ಸಿ ಟ್ಯಾಬ್‌ಗೆ ಕಂಪನಿ ಕೊಟ್ಟ ಕೊನೇ ಆವೃತ್ತಿ 2.3. ಅಂದರೆ ನಿಮ್ಮ ಟ್ಯಾಬ್ಲೆಟ್‌ಗೆ ಕನ್ನಡ ಬರುವುದೇ ಇಲ್ಲ, ಹೊಸತು ಕೊಳ್ಳಿ ಅಂತ. ಆ ಹೊತ್ತಿಗೆ ಕೈ ಹಿಡಿದದ್ದು ಮತ್ತೆ ರೂಟ್ ಲೋಕದ ಮಂದಿಯೇ. ಸ್ಟೀವ್ ಕೊಂಡಿಕ್ 2009ರಲ್ಲಿ ಶುರುಮಾಡಿದ ‘ಸೈನೋಜೆನ್‌ಮಾಡ್’ ಎಂಬ ಯೋಜನೆಯಡಿ ಜಗತ್ತಿನ ಎಲ್ಲೆಲ್ಲೋ ಕೂತ ಸ್ವಯಂಸೇವಕರು ಆಂಡ್ರಾಯ್ಡ್‌ನ ಮುಕ್ತ ಕೋಡ್ ತೆಗೆದುಕೊಂಡು ಹಳೇ ಸಾಧನಗಳಿಗೆ ಹೊಂದುವಂತೆ ಕಟ್ಟಿದರು. ಆ ಹಳೇ ಗ್ಯಾಲಕ್ಸಿ ಟ್ಯಾಬ್‌ಗೂ 4.1 ಆಧಾರದ ಆವೃತ್ತಿ ಬಂತು, ಅದರೊಂದಿಗೆ ಒತ್ತಕ್ಷರ ಬೀಳದ ಕನ್ನಡವೂ ಬಂತು. ಕಂಪನಿ ಕೈಬಿಟ್ಟ ವಸ್ತುವಿಗೆ ಇನ್ನೆರಡು ವರ್ಷ ಆಯಸ್ಸು. ಆ ಯೋಜನೆ 2016ರ ಕೊನೆಗೆ ನಿಂತಾಗ ಅದರ ಕೂಸಾಗಿ ‘ಲೀನಿಯೇಜ್ ಓಎಸ್’ ಹುಟ್ಟಿತು, ಇಂದಿಗೂ ಜೀವಂತವಾಗಿದೆ.

ಆದರೆ ರೂಟ್ ಎಲ್ಲ ಬೀಗಕ್ಕೂ ಕೀಲಿ ಆಗಿರಲಿಲ್ಲ. ಗಲ್ಫ್‌ನಲ್ಲಿದ್ದವರಿಗೆ ಇದು ಚೆನ್ನಾಗಿ ಗೊತ್ತು. 2013ರ ಜೂನ್‌ನಲ್ಲಿ ಸೌದಿಯಲ್ಲಿ ವೈಬರ್ ನಿಂತುಹೋಯಿತು. ಇಂಟರ್ನೆಟ್ ಮೂಲಕ ಊರಿಗೆ ಮಾತಾಡುವ ದಾರಿಗಳು ಒಂದೊಂದಾಗಿ ಮುಚ್ಚಿದವು. ಅವುಗಳಲ್ಲಿ ಕೆಲವು ಮತ್ತೆ ತೆರೆದದ್ದು 2017ರ ಸೆಪ್ಟೆಂಬರಿನಲ್ಲಿ. ಆ ಬೀಗ ಇದ್ದದ್ದು ಟ್ಯಾಬ್ಲೆಟ್‌ನಲ್ಲಲ್ಲ, ಸರ್ಕಾರದ ಕೈಯಲ್ಲಿದ್ದ ಜಾಲದಲ್ಲಿ. ಟ್ಯಾಬ್ಲೆಟ್‌ನ ಬುಡ ಅಗೆದರೂ ಮಗುವಿನ ಮುಖ ಕಾಣಿಸುತ್ತಿರಲಿಲ್ಲ.

ಬಾಗಿಲುಗಳು ಮುಚ್ಚಿದ ಬಗೆ

ಕನ್ನಡ ಬಂದ ಮೇಲೆ ಬಹುಪಾಲು ಜನರಿಗೆ ರೂಟ್ ಬೇಕಾಗಲಿಲ್ಲ. ಅದೇ ಹೊತ್ತಿಗೆ ಬೀಗಗಳೂ ಗಟ್ಟಿಯಾಗುತ್ತ ಬಂದವು. 2013ರಿಂದ ಸ್ಯಾಮ್‌ಸಂಗ್ ತನ್ನ ‘ನಾಕ್ಸ್’ ವ್ಯವಸ್ಥೆಯಲ್ಲಿ ಚಿಪ್‌ನೊಳಗೆ ಒಂದು ಸೂಕ್ಷ್ಮ ಫ್ಯೂಸ್ ಇಟ್ಟಿತು. ಕಂಪನಿಯದ್ದಲ್ಲದ ತಂತ್ರಾಂಶ ಹಾಕಿದ ಕೂಡಲೇ ಅದು ಸುಡುತ್ತದೆ, ಸುಟ್ಟ ಫ್ಯೂಸ್ ಮತ್ತೆ ಕೂಡುವುದಿಲ್ಲ. ಸೊನ್ನೆ ಒಂದಾದರೆ ಒಂದೇ, ಸಾಯುವ ತನಕ. 2016ರ ಆಂಡ್ರಾಯ್ಡ್ 7ರ ಹೊತ್ತಿಗೆ ಸಾಧನ ಆನ್ ಆಗುವಾಗಲೇ ತನ್ನ ಸಿಸ್ಟಮ್ ಭಾಗ ಒಂದಿಷ್ಟೂ ಬದಲಾಗಿಲ್ಲ ಅಂತ ಪರೀಕ್ಷಿಸಿಕೊಳ್ಳುವ ನಿಯಮ ಬಿಗಿಯಾಯಿತು. ಒಂದು ಫಾಂಟ್ ಬದಲಿಸಿದರೂ ಅದಕ್ಕೆ ತಿಳಿಯುತ್ತದೆ.

ಇದಕ್ಕೂ ಒಂದು ಮರುಪಟ್ಟು ಬಂತು. 2016ರಲ್ಲಿ ಜಾನ್ ವೂ ಎಂಬ ಯುವಕ ‘ಮ್ಯಾಜಿಸ್ಕ್’ ಬರೆದ. ಸಿಸ್ಟಮ್ ಭಾಗವನ್ನು ಮುಟ್ಟದೆ, ಅದರ ಮೇಲೆ ಒಂದು ತೆಳು ಹೊದಿಕೆ ಹಾಸಿ ಬದಲಾವಣೆ ತೋರಿಸುವ ಉಪಾಯ. 2021ರಲ್ಲಿ ಅದೇ ಜಾನ್ ವೂ ಗೂಗಲ್‌ನ ಆಂಡ್ರಾಯ್ಡ್ ಭದ್ರತಾ ತಂಡ ಸೇರಿದರು!

ಇವತ್ತು ಕೊನೇ ಬೀಗ ಹಾಕಿರುವುದು ಆ್ಯಪ್‌ಗಳೇ. ಹಲವು ಬ್ಯಾಂಕ್ ಆ್ಯಪ್‌ಗಳು ರೂಟ್ ಆದ ಸಾಧನದಲ್ಲಿ ತೆರೆಯುವುದಿಲ್ಲ. ಅವರ ವಾದದಲ್ಲಿ ಹುರುಳಿದೆ, ಡ್ರಾಯ್ಡ್‌ಡ್ರೀಮ್ ನೆನಪಿದೆಯಲ್ಲ? ಆದರೆ ಗಲ್ಫ್‌ನಲ್ಲಿರುವ ನಮ್ಮವರ ಬದುಕು ಎಷ್ಟರ ಮಟ್ಟಿಗೆ ಆ ಪರದೆಯೊಳಗೆ ಹೋಗಿದೆ ನೋಡಿ. ಸಂಬಳ ಬರುವುದು ಅಲ್ಲಿ, ಊರಿಗೆ ದುಡ್ಡು ಕಳಿಸುವುದು ಅಲ್ಲಿ, ಸೌದಿಯ ‘ಅಬ್ಶರ್’ ಆ್ಯಪ್‌ನಿಂದ ಇಕಾಮಾ ತೋರಿಸುವುದೂ ಅಲ್ಲಿ. 2011ರಲ್ಲಿ ರೂಟ್ ಮಾಡಿ ಎಡವಿದ್ದರೆ ಕಳೆದುಕೊಳ್ಳುತ್ತಿದ್ದದ್ದು ಒಂದು ಟ್ಯಾಬ್ಲೆಟ್. ಇಂದು ದಿನಬಳಕೆಯ ಫೋನಿಗೆ ಅದನ್ನೇ ಮಾಡಿದರೆ ಬ್ಯಾಂಕೇ ಬಾಗಿಲು ಹಾಕಬಹುದು.

ಹಾಗಾದರೆ ನಾವೇನು ಮಾಡಬೇಕು?

ಮೊದಲನೆಯದು, ದುಡ್ಡಿನ ವ್ಯವಹಾರ ಮಾಡುವ ಫೋನನ್ನು ರೂಟ್ ಮಾಡಬೇಡಿ. ಅದರಲ್ಲಿ ಸಿಗುವುದಕ್ಕಿಂತ ಹೋಗುವುದೇ ಜಾಸ್ತಿ. ಒಂದೇ ಗುಂಡಿಗೆ ರೂಟ್ ಮಾಡಿಕೊಡ್ತೀವಿ ಅನ್ನುವ ಗುರುತುಪರಿಚಯವಿಲ್ಲದ ಆ್ಯಪ್‌ಗಳನ್ನಂತೂ ಯಾವ ಸಾಧನಕ್ಕೂ ಹಾಕಬೇಡಿ.

ಎರಡನೆಯದು, ಬೀರುವಿನ ಮೇಲೆ ಧೂಳು ತಿನ್ನುತ್ತಿರುವ ಹಳೇ ಟ್ಯಾಬ್ಲೆಟ್ ಇದ್ದರೆ ಎಸೆಯುವ ಮೊದಲು ಅದರ ಮಾದರಿಯ ಹೆಸರು ಲೀನಿಯೇಜ್ ಓಎಸ್‌ನ ಪಟ್ಟಿಯಲ್ಲಿದೆಯಾ ಅಂತ ಒಮ್ಮೆ ನೋಡಿ. ಇದ್ದರೆ ಅದು ಅಪ್ಪನಿಗೆ ಪೇಪರ್ ಓದುವ ಸಾಧನ ಆಗಬಹುದು, ಮಗುವಿಗೆ ಪಾಠದ ಪುಸ್ತಕ ಆಗಬಹುದು. ಒಳಗಿನ ಫೋಟೋ, ಕಡತಗಳನ್ನು ಮೊದಲು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ, ಯಾಕಂದ್ರೆ ಬೀಗ ತೆಗೆದಾಗ ಸಾಮಾನ್ಯವಾಗಿ ಎಲ್ಲವೂ ಅಳಿಸಿಹೋಗುತ್ತದೆ.

ಮೂರನೆಯದು, ಹೊಸತು ಕೊಳ್ಳುವಾಗ ಕ್ಯಾಮೆರಾ, ಬ್ಯಾಟರಿ ಕೇಳುವ ಹಾಗೆ ಇನ್ನೆರಡು ಪ್ರಶ್ನೆ ಕೇಳಿ: ಎಷ್ಟು ವರ್ಷ ಅಪ್‌ಡೇಟ್ ಕೊಡ್ತೀರಿ? ಅದು ಮುಗಿದ ಮೇಲೆ ಬೂಟ್‌ಲೋಡರ್ ಬೀಗ ತೆಗೆಯಲು ಬಿಡ್ತೀರಾ? ಕೆಲವು ಕಂಪನಿಗಳು ಎಚ್ಚರಿಕೆ ತೋರಿಸಿ, ‘ಇನ್ನು ಜವಾಬ್ದಾರಿ ನಿಮ್ಮದು’ ಅಂತ ಹೇಳಿ ಬೀಗ ತೆಗೆಯಲು ಬಿಡುತ್ತವೆ. ಆ ಮುಂಬಾಗಿಲು ಇದ್ದರೆ ಯಾರೂ ಕಿಟಕಿ ಒಡೆಯಬೇಕಾಗಿಲ್ಲ. ಕಳ್ಳನಿಗೂ ಒಂದು ಕಿಟಕಿ ಕಮ್ಮಿ.

ಅಲ್ ಅಹ್ಸಾ ಎಂಬ ಅರಬ್ಬಿ ಹೆಸರಿಗೆ ಮರಳಿನ ಕೆಳಗೆ ಗಟ್ಟಿ ಪದರದ ಮೇಲೆ ನೀರು ನಿಂತಿರುವ ನೆಲ ಅಂತ ಅರ್ಥ. ಕೆದಕಿದರೆ ನೀರು. ನಮ್ಮ ಪಾವಗಡ, ಮಧುಗಿರಿ ಕಡೆಯ ತಲಪರಿಗೆಯ ಹಾಗೆ. ಅಂಥ ನೆಲದಲ್ಲಿ ಅಗೆಯುವ ಹಕ್ಕು ಯಾರಿಗಿದೆ ಅನ್ನುವುದರ ಮೇಲೆ ಊರಿನ ಬದುಕು ನಿಂತಿರುತ್ತದೆ. ನಮ್ಮ ಕೈಯಲ್ಲಿರುವ ಗಾಜಿನ ಹಲಗೆಗೂ ಈ ಮಾತು ಸಲ್ಲುತ್ತದೆ. 2012ರಲ್ಲಿ ಕನ್ನಡ ಕೊಟ್ಟವರು ದೊಡ್ಡವರೇ, ಅದಕ್ಕೆ ಕೃತಜ್ಞತೆ ಇರಲಿ. ಆದರೆ ಅದಕ್ಕೂ ಮೊದಲು ವಾರಂಟಿ ಬಿಟ್ಟು, ಇಟ್ಟಿಗೆಯ ಭಯ ಇಟ್ಟುಕೊಂಡೇ ಅಗೆದವರು ಇಂಥ ರೂಮುಗಳಲ್ಲಿ ಕೂತ ಸಾಮಾನ್ಯ ಜನ. ಇಂದು ಡಬ್ಬಿಯಾಗಿ ಕಾಣುತ್ತಿರುವ ಲಿಪಿಗಳು ಜಗತ್ತಿನಲ್ಲಿ ಇನ್ನೂ ಇವೆ. ಅವನ್ನು ಓದಬೇಕಾದವರಿಗೆ ಅಗೆಯಲು ಒಂದು ಜಾಗವಾದರೂ ಉಳಿದಿರಬೇಕಲ್ವಾ?